ಪಾಲು ನಮ್ಮದು, ಬೀಗದ ಕೈ ಅವರದು

ಬಿ.ಸಿ.ರೋಡಿನ ಕೈಕಂಬದಲ್ಲಿ ಅರ್ಧ ತಾಸು ನಿಂತವರಿಗೆ ಗೊತ್ತು: ಮಂಗಳೂರಿನ ಕಡೆಯಿಂದ ಘಟ್ಟದ ಕಡೆಗೆ ಎಣ್ಣೆಯ ಟ್ಯಾಂಕರುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಇದು ಕಣ್ಣಿಗೆ ಕಾಣುವ ಮಾತಾಯಿತು. ಕಾಣದ್ದು ನೆಲದಡಿಯಲ್ಲಿದೆ. ಮಂಗಳೂರಿನಿಂದ ಹಾಸನದ ಮೇಲಾಗಿ ಬೆಂಗಳೂರಿಗೆ ಹೋಗುವ, ಸುಮಾರು 360 ಕಿಲೋಮೀಟರು ಉದ್ದದ ಪೆಟ್ರೋಲಿಯಂ ಕೊಳವೆ ನಮ್ಮ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಗದ್ದೆ ತೋಟಗಳ ಅಡಿಯಲ್ಲೇ ಹಾದುಹೋಗಿದೆ. ನೆರಿಯದಲ್ಲಿ ಅದರ ಪಂಪಿನ ಠಾಣೆಯೂ ಇದೆ. ಸುರತ್ಕಲ್ಲಿನ ಬಳಿ ಕಚ್ಚಾ ಎಣ್ಣೆಯನ್ನು ಶುದ್ಧೀಕರಿಸುವ ಎಂ.ಆರ್.ಪಿ.ಎಲ್. ಕಾರ್ಖಾನೆಯಲ್ಲಿ ಶೇಕಡಾ 71ಕ್ಕೂ ಮಿಕ್ಕಿದ ಪಾಲು ಒ.ಎನ್.ಜಿ.ಸಿ.ಯದು. ಒ.ಎನ್.ಜಿ.ಸಿ.ಯ ದೊಡ್ಡ ಪಾಲು ಭಾರತ ಸರಕಾರದ್ದು. ಸರಕಾರ ಯಾರದು? ಜನರದು ಎಂದು ಪೌರನೀತಿಯ ಪುಸ್ತಕ ಹೇಳುತ್ತದೆ. ನಾವೂ ಒಂದು ಕಾಲಕ್ಕೆ ಕರಿಹಲಗೆಯ ಮುಂದೆ ನಿಂತು ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟವರು. ಇಂದು ಆ ಪಾಠವನ್ನು ನಾವೇ ಒಮ್ಮೆ ಪರೀಕ್ಷೆ ಮಾಡಿ ನೋಡೋಣ.

2006ರ ದಶಂಬರದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಒಂದು ಹಡಗು ಬಂತು. ರಷ್ಯದ ಪೂರ್ವದ ತುದಿಯ ಸಖಾಲಿನ್ ದ್ವೀಪದ ಕಡಲಿನಿಂದ ತೆಗೆದ ಕಚ್ಚಾ ಎಣ್ಣೆಯ ಮೊದಲ ಸರಕು ಅದರಲ್ಲಿತ್ತು. "ಇದು ನಮ್ಮದೇ ಎಣ್ಣೆ" ಎಂದು ದೊಡ್ಡವರು ಸಂಭ್ರಮಪಟ್ಟರು. ಯಾಕೆಂದರೆ ಒ.ಎನ್.ಜಿ.ಸಿ.ಯ ಪರದೇಶದ ಶಾಖೆಯಾದ ಒ.ಎನ್.ಜಿ.ಸಿ. ವಿದೇಶ್ 2001ರಲ್ಲಿ ಸಖಾಲಿನ್-1 ಎಂಬ ಆ ಕಡಲ ಕ್ಷೇತ್ರದಲ್ಲಿ ನೂರಕ್ಕೆ 20ರ ಪಾಲನ್ನು ಕೊಂಡಿತ್ತು. ಪರದೇಶದಲ್ಲಿ ಭಾರತ ಅದುವರೆಗೆ ಹೂಡಿದ ಅತಿ ದೊಡ್ಡ ಬಂಡವಾಳ ಇದೇ ಎಂಬ ಹೊಗಳಿಕೆಯೂ ಅದಕ್ಕೆ ಸಿಕ್ಕಿತ್ತು. ಉಳಿದ ಪಾಲುದಾರರು ಯಾರು? ಅಮೆರಿಕದ ಎಕ್ಸಾನ್ 30, ಜಪಾನಿನ ಸೊಡೆಕೊ 30, ರಷ್ಯದ ರೊಸ್ನೆಫ್ಟಿನ ಕಡೆಯವರು 20.

ಶಾಲೆಯಲ್ಲಿ ಪಾಲುಗಾರಿಕೆಯ ಲೆಕ್ಕ ಎಂದೊಂದು ಇತ್ತು. ರಾಮ 300 ರೂಪಾಯಿ, ಕೃಷ್ಣ 200 ರೂಪಾಯಿ ಹಾಕಿ ಅಂಗಡಿ ಇಟ್ಟರು, ಲಾಭ ಇಷ್ಟು ಬಂತು, ಯಾರಿಗೆ ಎಷ್ಟು? ಹುಡುಗರು ಭಾಗಿಸಿ ಗುಣಿಸಿ ಉತ್ತರ ಬರೆಯುತ್ತಿದ್ದರು. ಆದರೆ ಗಲ್ಲಾಪೆಟ್ಟಿಗೆಯ ಬೀಗದ ಕೈ ರಾಮನಲ್ಲಿದೆಯೋ ಕೃಷ್ಣನಲ್ಲಿದೆಯೋ ಎಂದು ಆ ಲೆಕ್ಕ ಕೇಳುತ್ತಿರಲಿಲ್ಲ. ಪೇಟೆಯಲ್ಲಿ ಜವಳಿ ಅಂಗಡಿಯನ್ನೋ ಜೀನಸು ಅಂಗಡಿಯನ್ನೋ ಪಾಲಿನಲ್ಲಿ ನಡೆಸಿದ ಯಾವ ವ್ಯಾಪಾರಿಯನ್ನಾದರೂ ಕೇಳಿ. ಅವರು ಮೊದಲು ಕೇಳುವ ಪ್ರಶ್ನೆ ಅದೇ. ಮಾಲು ಯಾರು ತರುತ್ತಾರೆ, ಸಾಲ ಯಾರಿಗೆ ಕೊಡುತ್ತಾರೆ, ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರುತ್ತದೆ? ಇದು ಗೊತ್ತಿಲ್ಲದೆ ದುಡ್ಡು ಹಾಕಿದವನನ್ನು ನಮ್ಮೂರಲ್ಲಿ ಪಾಲುದಾರ ಎನ್ನುವುದಿಲ್ಲ, ಸಾಲ ಕೊಟ್ಟು ಮರೆತವನು ಎನ್ನುತ್ತಾರೆ.

ಕಡಲ ಎಣ್ಣೆಯ ವ್ಯವಹಾರದಲ್ಲಿ ಬೀಗದ ಕೈ ಇರುವವನಿಗೆ ಆಪರೇಟರ್ ಎಂದು ಹೆಸರು. ಎಲ್ಲಿ ಬಾವಿ ಕೊರೆಯಬೇಕು, ಯಾವ ಕಂಟ್ರಾಕ್ಟುದಾರನಿಗೆ ಕೆಲಸ ಕೊಡಬೇಕು, ಈ ವರ್ಷ ಎಷ್ಟು ಖರ್ಚು ಎಂಬ ಪಟ್ಟಿಯನ್ನು ತಯಾರಿಸುವವನು ಅವನು. ಪಾಲುದಾರರ ಸಮಿತಿ ಎಂದೊಂದು ಇದೆ. ಅಲ್ಲಿ ಕೈಯೆತ್ತುವುದು ತಲೆಗೆ ಒಂದರಂತೆ ಅಲ್ಲ, ಪಾಲಿನ ತೂಕದಂತೆ. ತೂಕದ ಬಹುಮತ ಒಪ್ಪಿತೆಂದರೆ, ಸಣ್ಣ ಪಾಲುದಾರ ಬೇಡವೆಂದರೂ ಖರ್ಚಿನಲ್ಲಿ ತನ್ನ ಭಾಗವನ್ನು ಕೊಡಲೇಬೇಕು. ಆಪರೇಟರಿನಿಂದ ಹಣದ ಕರೆ ಬಂದಾಗ ಇಷ್ಟು ದಿನದೊಳಗೆ ಕಟ್ಟಬೇಕು. ತಪ್ಪಿದರೆ ಪಾಲಿಗೇ ಕುತ್ತು. ಕೊಡುವುದರಲ್ಲಿ ನಾವು ಸಮಾನರು, ಹೇಳುವುದರಲ್ಲಿ ಮೂಕರು. ಸಖಾಲಿನ್‌ನಲ್ಲಿ 2022ರವರೆಗೆ ಆಪರೇಟರ್ ಎಕ್ಸಾನ್ ಆಗಿತ್ತು.

ಆ ವ್ಯವಹಾರದಲ್ಲಿ ಲಾಭವೇ ಬರಲಿಲ್ಲವೆಂದು ನಾವು ಹೇಳುವುದಿಲ್ಲ. ಬಂತು, ಸುಳ್ಳು ಹೇಳಿ ಸಮಾಜವಾದ ಬೆಳೆಯುವುದಿಲ್ಲ. ಆದರೆ ಸುಖದ ದಿನಗಳಲ್ಲಿ ಪಾಲಿನ ನಿಜವಾದ ಬೆಲೆ ತಿಳಿಯುವುದಿಲ್ಲ, ಕಷ್ಟ ಬಂದಾಗ ತಿಳಿಯುತ್ತದೆ. 2022ರಲ್ಲಿ ಉಕ್ರೇನಿನ ಯುದ್ಧ ಆರಂಭವಾಯಿತು. ಎಕ್ಸಾನ್ ತಾನು ಹೊರಡುತ್ತೇನೆಂದಿತು. ಎಣ್ಣೆ ತೆಗೆಯುವ ಕೆಲಸ ಬಹುಮಟ್ಟಿಗೆ ನಿಂತೇಹೋಯಿತು. ಜಗಳ ಅಮೆರಿಕಕ್ಕೂ ರಷ್ಯಕ್ಕೂ. ಬಾವಿ ಒಣಗಿದ್ದು ನಮ್ಮದೂ. ಅಕ್ಟೋಬರದಲ್ಲಿ ರಷ್ಯದ ಅಧ್ಯಕ್ಷರು ಒಂದು ಆಜ್ಞೆ ಹೊರಡಿಸಿ ಇಡೀ ಕ್ಷೇತ್ರವನ್ನು ಹೊಸ ಕಂಪೆನಿಗೆ ವರ್ಗಾಯಿಸಿದರು. ಹಳೆಯ ಪರದೇಶಿ ಪಾಲುದಾರರು ತಮ್ಮ ಪಾಲು ಬೇಕಿದ್ದರೆ ಒಂದು ತಿಂಗಳೊಳಗೆ ಅರ್ಜಿ ಹಾಕಿಕೊಳ್ಳಬೇಕೆಂದರು. ಇಪ್ಪತ್ತು ವರ್ಷ ಹಣ ಸುರಿದವನು ತನ್ನ ಪಾಲಿಗೆ ತಾನೇ ಅರ್ಜಿ ಹಾಕಬೇಕಾಯಿತು! ಅರ್ಜಿ ಮಂಜೂರಾಯಿತು, 20ರ ಪಾಲು ಕಾಗದದಲ್ಲಿ ಉಳಿಯಿತು. ಆದರೆ ನಿರ್ಬಂಧಗಳ ದೆಸೆಯಿಂದ, ನಮ್ಮ ತೈಲ ಕಂಪೆನಿಗಳಿಗೆ ರಷ್ಯದಿಂದ ಬರಬೇಕಾದ ಲಾಭಾಂಶ ಅಲ್ಲಿಯ ಬ್ಯಾಂಕುಗಳಲ್ಲೇ ಸಿಕ್ಕಿಬಿತ್ತು.

ಇದು ಇಂದು ನಿನ್ನೆಯ ಚಾಳಿಯೂ ಅಲ್ಲ. ಒ.ಎನ್.ಜಿ.ಸಿ. ಹುಟ್ಟಿದ್ದು 1956ರಲ್ಲಿ, ಕೆ.ಡಿ. ಮಾಳವೀಯರ ಛಲದಿಂದ, ಪರದೇಶದ ಎಣ್ಣೆ ಕಂಪೆನಿಗಳ ಮುಂದೆ ಭಾರತ ಕೈಕಟ್ಟಿ ನಿಲ್ಲಬಾರದು ಎಂಬುದೇ ಅದರ ಗುರಿ. 1965ರಲ್ಲಿ ಅದು ಪರ್ಷಿಯನ್ ಕೊಲ್ಲಿಯಲ್ಲಿ ಇರಾನಿನ ಕಡಲ ಕ್ಷೇತ್ರಗಳ ಪಾಲಿಗೆ ಇಳಿಯಿತು. ಅರ್ಧ ಇರಾನಿನದು, ಉಳಿದರ್ಧದಲ್ಲಿ ಇಟಲಿಯ ಒಂದು ಕಂಪೆನಿ, ಅಮೆರಿಕದ ಒಂದು ಕಂಪೆನಿ, ನಾವು: ಆರರಲ್ಲಿ ಒಂದು ಪಾಲು. 1979ರ ಕ್ರಾಂತಿಯಾದ ಮೇಲೆ ಆ ಪಾಲು ಉಳಿಯಲಿಲ್ಲ. ಕಲಿಯುವವನಿಗೆ ಒಂದು ಪಾಠ ಸಾಕಿತ್ತು.

ಪರದೇಶದ ಮಾತು ಬಿಡಿ, ನಮ್ಮದೇ ಕಡಲಿಗೆ ಬನ್ನಿ. ಮುಂಬಯಿಯ ಆಚೆಯ ಪನ್ನಾ, ಮುಕ್ತಾ, ತಪ್ತಿ ಎಂಬ ಕ್ಷೇತ್ರಗಳನ್ನು ಹುಡುಕಿದ್ದು ಒ.ಎನ್.ಜಿ.ಸಿ.ಯ ಕಾರ್ಮಿಕರು, ಇಂಜಿನಿಯರುಗಳು. 1994ರ ದಶಂಬರದಲ್ಲಿ ಸರಕಾರ ಅವುಗಳನ್ನು ಹಂಚಿತು: ಒ.ಎನ್.ಜಿ.ಸಿ.ಗೆ 40, ರಿಲಯನ್ಸಿಗೆ 30, ಅಮೆರಿಕದ ಎನ್ರಾನಿಗೆ 30. ಮೂವರಲ್ಲಿ ದೊಡ್ಡ ಪಾಲು ಒ.ಎನ್.ಜಿ.ಸಿ.ಯದು, ಆಪರೇಟರ್ ಮಾತ್ರ ಎನ್ರಾನ್! ಹೆತ್ತವಳು ತಾಯಿ, ತೊಟ್ಟಿಲು ಪಕ್ಕದ ಮನೆಯಲ್ಲಿ. 2001ರ ದಶಂಬರದಲ್ಲಿ ಎನ್ರಾನ್ ದಿವಾಳಿ ಎದ್ದಿತು; ಲೆಕ್ಕದಲ್ಲಿ ಲೋಕವನ್ನೇ ವಂಚಿಸಿದ ಕಂಪೆನಿ ಎಂಬ ಕೀರ್ತಿಯೂ ಅದಕ್ಕೆ ಬಂತು. ಆ 30ರ ಪಾಲನ್ನು 2002ರಲ್ಲಿ ಬ್ರಿಟನ್ನಿನ ಬಿ.ಜಿ. ಕಂಪೆನಿ ಕೊಂಡಿತು. ನಮ್ಮ ಕಡಲಿನ ಪಾಲು ಒಬ್ಬ ಪರದೇಶಿಯ ಕೈಯಿಂದ ಇನ್ನೊಬ್ಬ ಪರದೇಶಿಯ ಕೈಗೆ ಹೋಯಿತು. ಇಪ್ಪತ್ತೈದು ವರ್ಷದ ಕರಾರು ಮುಗಿದು 2019ರ ದಶಂಬರದಲ್ಲಿ ಪನ್ನಾ-ಮುಕ್ತಾ ಒ.ಎನ್.ಜಿ.ಸಿ.ಗೆ ಮರಳಿತು, ಕಬ್ಬನ್ನು ಹಿಂಡಿದ ಮೇಲೆ ಸಿಪ್ಪೆ ಮನೆಗೆ ಬಂದಂತೆ.

ಎಲ್ಲಕ್ಕಿಂತ ದೊಡ್ಡ ಕತೆ ಆಫ್ರಿಕದ ಮೊಜಾಂಬಿಕ್‌ನದು. ಅಲ್ಲಿಯ ರೊವುಮಾ ಕಡಲಿನ ಅನಿಲ ಕ್ಷೇತ್ರದಲ್ಲಿ ಭಾರತ್ ಪೆಟ್ರೋಲಿಯಮ್ಮಿನ ಶಾಖೆಗೆ 10ರ ಪಾಲು ಮೊದಲೇ ಇತ್ತು. 2014ರಲ್ಲಿ ಒ.ಎನ್.ಜಿ.ಸಿ. ವಿದೇಶ್ ಮತ್ತು ಆಯಿಲ್ ಇಂಡಿಯಾ ಕೂಡಿ, ಟಿ.ವಿ. ಮಾರುತ್ತಿದ್ದ ವಿಡಿಯೊಕಾನ್ ಎಂಬ ಖಾಸಗಿ ಕಂಪೆನಿಯಿಂದ 10ರ ಪಾಲನ್ನು 247.5 ಕೋಟಿ ಡಾಲರಿಗೆ ಕೊಂಡವು. ಅದೇ ವರ್ಷ ಒ.ಎನ್.ಜಿ.ಸಿ. ವಿದೇಶ್ ಅಮೆರಿಕದ ಅನಡಾರ್ಕೊ ಕಂಪೆನಿಯಿಂದ ಇನ್ನೊಂದು 10ರ ಪಾಲನ್ನು 264 ಕೋಟಿ ಡಾಲರಿಗೆ ಕೊಂಡಿತು. ಎರಡೂ ಕೂಡಿ ಐನೂರು ಕೋಟಿ ಡಾಲರಿಗೆ ಮಿಕ್ಕಿದ ಸಾರ್ವಜನಿಕ ಹಣ.

ಈಗ ಕೂಡಿಸಿ ನೋಡಿ. ಭಾರತದ ಮೂರು ಸರಕಾರಿ ಕಂಪೆನಿಗಳ ಪಾಲು ಒಟ್ಟು 30. ಆಪರೇಟರ್ ಆದ ಫ್ರಾನ್ಸಿನ ಟೋಟಲ್ ಕಂಪೆನಿಯ ಪಾಲು 26.5. ಹೆಚ್ಚಿನ ಪಾಲು ನಮ್ಮದು, ಚುಕ್ಕಾಣಿ ಅವರದು! 2021ರ ಮಾರ್ಚಿನಲ್ಲಿ ಸಮೀಪದ ಪಾಲ್ಮಾ ಪಟ್ಟಣದ ಮೇಲೆ ಬಂಡುಕೋರರು ದಾಳಿ ಮಾಡಿ ಜನರನ್ನು ಕೊಂದರು. ಏಪ್ರಿಲಿನಲ್ಲಿ ಟೋಟಲ್ ತನ್ನ ಜನರನ್ನು ಕರೆಸಿಕೊಂಡು ಕೆಲಸ ನಿಲ್ಲಿಸಿತು. ನಾಲ್ಕು ವರ್ಷಕ್ಕೂ ಮಿಕ್ಕಿ ನಮ್ಮ ಹಣ ಅಲ್ಲಿ ಮಲಗಿತು. ನಿಲ್ಲಿಸುವಾಗಲೂ ಟೋಟಲ್ಲಿನ ಮಾತು, ತೊಡಗುವಾಗಲೂ ಟೋಟಲ್ಲಿನ ಮಾತು. ಆ ಕಾರ್ಖಾನೆಗಾಗಿ ಅಫುಂಗಿ ಎಂಬಲ್ಲಿಯ ರೈತರು, ಮೀನುಗಾರರು ಮನೆ ಬಿಟ್ಟೆದ್ದರು. ಕುತ್ತೆತ್ತೂರು, ಪೆರ್ಮುದೆಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ಎಬ್ಬಿಸಿದ ಪಾಪದಲ್ಲಿಯೂ ನಮಗೆ ನೂರಕ್ಕೆ 30 ಪಾಲು ಇದೆ. ಅವರಿಗೆ ನ್ಯಾಯ ಕೊಡಿಸುವ ಅಧಿಕಾರದಲ್ಲಿ ಮಾತ್ರ ಇಲ್ಲ.

ದಿಲ್ಲಿಯ ಮಹನೀಯರು ಮೂರು ಉತ್ತರ ಕೊಡುತ್ತಾರೆ. ಒಂದು: ಆಳದ ಕಡಲಿನಲ್ಲಿ ಒಂದು ಬಾವಿಗೆ ನೂರಾರು ಕೋಟಿ ಬೇಕು, ನಷ್ಟವನ್ನು ಹಂಚಿಕೊಳ್ಳುವುದೇ ಜಾಣತನ. ಒಪ್ಪಿದೆವು, ನಷ್ಟವನ್ನು ಹಂಚಿಕೊಳ್ಳುವವನಿಗೆ ನಿರ್ಧಾರದಲ್ಲಿ ಯಾಕೆ ಹಂಚಿಕೆ ಇಲ್ಲ? ಎರಡು: ನಮಗೆ ಆ ವಿದ್ಯೆ ಸಾಲದು. 1974ರಲ್ಲಿ ಸಾಗರ್ ಸಮ್ರಾಟ್ ಹಡಗಿನಿಂದ ಕೊರೆದು ಬಾಂಬೆ ಹೈ ಎಣ್ಣೆಯನ್ನು ಹುಡುಕಿದವರು ಯಾರು? ಐವತ್ತು ವರ್ಷದ ಅನುಭವದ ಮೇಲೂ ವಿದ್ಯೆ ಸಾಲದೆಂದರೆ ಆ ತಪ್ಪು ವಿದ್ಯಾರ್ಥಿಯದೋ, ಮೇಷ್ಟರದೋ? ಮೂರು: ಪರದೇಶದ ಪಾಲಿನಿಂದ ದೇಶಕ್ಕೆ ಎಣ್ಣೆಯ ಭದ್ರತೆ. ಪಣಂಬೂರಿಗೆ ಆ ಹಡಗು ಬಂದದ್ದು ನಿಜ. ಆದರೆ ಪರದೇಶದ ಪಾಲಿನ ಎಣ್ಣೆಯಲ್ಲಿ ಹೆಚ್ಚಿನದು ಲೋಕದ ಮಾರುಕಟ್ಟೆಯಲ್ಲೇ ಮಾರಾಟವಾಗುತ್ತದೆ. ಪೆಟ್ರೋಲಿನ ಬೆಲೆಯ ಹಗ್ಗವನ್ನು ಸರಕಾರ 2010ರಲ್ಲಿ ಬಿಚ್ಚಿತು, ಡೀಸೆಲಿನದನ್ನು 2014ರಲ್ಲಿ. ಮಾಲು ತರಿಸುವ ವ್ಯಾಪಾರಿ ಲಾರಿಯ ಬಾಡಿಗೆ ಕೊಡುವಾಗ, ಹೆಂಚಿನ ಕಾರ್ಖಾನೆಯ, ಗೇರುಬೀಜದ ಕಾರ್ಖಾನೆಯ ಕೆಲಸದವರು ಬಸ್ಸಿನ ಚಾರ್ಜು ಕೊಡುವಾಗ, ಸಖಾಲಿನ್‌ನ 20ರ ಪಾಲಿನಿಂದ ಒಂದು ಕಾಸಾದರೂ ಇಳಿಯಿತೇ?

ಈ ಕಡಲ ಕತೆಗೆ ನಮ್ಮ ಅಂಗಳದಲ್ಲೇ ಒಂದು ಕನ್ನಡಿ ಇದೆ. ಎಣ್ಣೆಯ ಕೊಳವೆಗಳಿಗಾಗಿ 1962ರಲ್ಲಿ ಒಂದು ಕಾನೂನು ಬಂತು. ಅದರಂತೆ ಕೊಳವೆ ಹೋಗುವ ಜಾಗವನ್ನು ಸರಕಾರ ಕೊಳ್ಳುವುದಿಲ್ಲ. ಉಪಯೋಗದ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಟ್ಟೆ ರೈತನ ಹೆಸರಿನಲ್ಲೇ ಇರುತ್ತದೆ. ಆದರೆ ಅಲ್ಲಿ ಅವನು ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ನೆಡಬಾರದು. ಆ ಹಕ್ಕಿಗೆ ಕಾನೂನು ಗೊತ್ತುಮಾಡಿದ ಪರಿಹಾರ ಜಾಗದ ಮಾರುಕಟ್ಟೆ ಬೆಲೆಯ ಶೇಕಡಾ 10. ಅಡಿಕೆ ಸಸಿ ನೆಡಲಾಗದ ತೋಟಕ್ಕೆ ಯಜಮಾನ ಎನಿಸಿಕೊಂಡು ಏನು ಸುಖ? ಬಂಟ್ವಾಳದ ರೈತನಿಗೆ ಕೊಳವೆಯ ಮೇಲೆ ಯಾವ ಸ್ಥಾನವೋ, ರೊವುಮಾದಲ್ಲಿ ಭಾರತದ ಜನತೆಗೂ ಅದೇ ಸ್ಥಾನ. ಹೆಸರು ಇದೆ, ಹಕ್ಕು ಇಲ್ಲ. ಕಡಲಿನಲ್ಲಿ ದೊಡ್ಡ ಕಂಪೆನಿಯ ಮುಂದೆ ಬಾಯಿ ಬಿಡದ ಸರಕಾರವೇ ನೆಲದ ಮೇಲೆ ಸಣ್ಣ ರೈತನ ಬಾಯಿ ಮುಚ್ಚಿಸುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಹಾಗಾದರೆ ಈ ಪಾಲುಗಳನ್ನು ಮಾರಿಬಿಡೋಣವೇ? ಖಾಸಗಿ ಸಾಹುಕಾರರು ಈ ಮಾತಿಗಾಗಿಯೇ ಬಾಯಿ ತೆರೆದು ಕೂತಿದ್ದಾರೆ. ಅಂಗಡಿಯ ಬೀಗದ ಕೈ ಸಿಗಲಿಲ್ಲವೆಂದು ಅಂಗಡಿಯನ್ನೇ ಬಿಟ್ಟುಕೊಡುವುದು ವ್ಯಾಪಾರವಲ್ಲ. ಬೀಗದ ಕೈ ಕೇಳಬೇಕು. ನಮ್ಮ ಬೇಡಿಕೆಗಳು ಇವು:

ಒಂದು, ಒಂದೇ ಕ್ಷೇತ್ರದಲ್ಲಿ ಎರಡು ಮೂರು ಸರಕಾರಿ ಕಂಪೆನಿಗಳ ಪಾಲಿದ್ದರೆ ಅವು ಕೂಡಿ ಒಂದೇ ಮತ ಹಾಕಬೇಕು. ಬೇರೆ ಬೇರೆ ಕುರ್ಚಿಯಲ್ಲಿ ಕೂತು ಬಲ ಕಳೆದುಕೊಳ್ಳಬಾರದು.

ಎರಡು, ಇನ್ನು ಮುಂದೆ ಕೊಳ್ಳುವ ಪಾಲಿನ ಕರಾರಿನಲ್ಲಿ, ದೊಡ್ಡ ಖರ್ಚಿಗೂ ಕೆಲಸ ನಿಲ್ಲಿಸುವುದಕ್ಕೂ ನಮ್ಮ ಒಪ್ಪಿಗೆ ಬೇಕೆಂಬ ಕಲಮು ಇರಬೇಕು. ನಮ್ಮ ಇಂಜಿನಿಯರುಗಳಿಗೆ ಅಲ್ಲಿ ಜವಾಬ್ದಾರಿಯ ಹುದ್ದೆ ಇರಬೇಕು. ಇದಿಲ್ಲದಿದ್ದರೆ ಹಣ ಇಲ್ಲ.

ಮೂರು, ಪ್ರತಿ ವರ್ಷ ಪ್ರತಿ ಕ್ಷೇತ್ರದ ಲೆಕ್ಕವನ್ನು, ಹಾಕಿದ್ದೆಷ್ಟು, ಬಂದದ್ದೆಷ್ಟು, ಸಿಕ್ಕಿಬಿದ್ದದ್ದೆಷ್ಟು ಎಂದು, ಸಾಮಾನ್ಯರಿಗೆ ತಿಳಿಯುವ ಭಾಷೆಯಲ್ಲಿ ಲೋಕಸಭೆಯ ಮುಂದಿಡಬೇಕು. ನಮ್ಮ ಸಂಸದರು ಅದನ್ನು ಕನ್ನಡದಲ್ಲಿ ನಮಗೆ ಹೇಳಬೇಕು.

ನಾಲ್ಕು, ತೈಲ ಕಂಪೆನಿಗಳ ಆಡಳಿತ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿ ಕೂರಬೇಕು. ಬ್ಯಾಂಕುಗಳ ರಾಷ್ಟ್ರೀಕರಣದ 1970ರ ಕಾನೂನು ಮಂಡಳಿಯಲ್ಲಿ ನೌಕರರಿಗೆ ಜಾಗ ಕೊಟ್ಟಿತ್ತು. ಬ್ಯಾಂಕಿಗೆ ಆದದ್ದು ಎಣ್ಣೆಗೆ ಯಾಕೆ ಆಗಬಾರದು?

ಐದು, ಕೊಳವೆಯಡಿಯ ಜಾಗಕ್ಕೆ ಶೇಕಡಾ 10ರ ಪರಿಹಾರವನ್ನು ತೆಗೆದು, ಎಣ್ಣೆ ಹರಿಯುವಷ್ಟು ಕಾಲವೂ ರೈತನಿಗೆ ವರ್ಷಾವಧಿ ಬಾಡಿಗೆ ಕೊಡಬೇಕು.

ಸರಕಾರದ ಒಡೆತನ ಬೇರೆ, ಜನರ ಒಡೆತನ ಬೇರೆ ಎಂದು ನಾವು ಸಭೆಗಳಲ್ಲಿ ಹೇಳಿದಾಗ ಕೆಲವರು ನಗುತ್ತಾರೆ. ಈ ಜಿಲ್ಲೆಗೆ ನಗು ಶೋಭಿಸುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ ಹೋಯಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಎರಡೂ ಸಾರ್ವಜನಿಕರ ಬ್ಯಾಂಕುಗಳೇ. ಬೋರ್ಡು ಇಳಿಸುವ ಮೊದಲು ಸಾರ್ವಜನಿಕರಾದ ನಿಮ್ಮನ್ನು ಯಾರಾದರೂ ಕೇಳಿದರೇ? ಕೇಳದೆ ಮಾಡಬಹುದಾದ ಒಡೆತನಕ್ಕೆ ಒಡೆತನವೆಂಬ ಹೆಸರು ಯಾಕೆ?

ಇನ್ನೊಮ್ಮೆ ಕೈಕಂಬದಲ್ಲಿ ಟ್ಯಾಂಕರು ಹಾದುಹೋಗುವಾಗ, "ಇದರಲ್ಲಿ ನಮ್ಮ ಪಾಲು ಎಷ್ಟು?" ಎಂದು ಕೇಳಿ ಸುಮ್ಮನಾಗಬೇಡಿ, ಅದಕ್ಕೆ ದಿಲ್ಲಿಯಲ್ಲಿ ಅಚ್ಚುಹಾಕಿದ ಉತ್ತರ ಸಿದ್ಧವಾಗಿದೆ. "ಬೀಗದ ಕೈ ಯಾರಲ್ಲಿದೆ?" ಎಂದು ಕೇಳಿ. ಕಾರ್ಖಾನೆಯ ಗೇಟಿನಲ್ಲಿ ಕೇಳಿ, ಅಂಗಡಿಯ ಜಗಲಿಯಲ್ಲಿ ಕೇಳಿ, ಮತ ಕೇಳಲು ಬಂದವರನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿ. ಉತ್ತರ ಕೊಡಲಾರದವರಿಗೆ ಮತವನ್ನೂ ಕೊಡಬೇಡಿ.