ಹಿಂದಿನ ಬೆಂಚಿಗಾಗಿ ಕಟ್ಟಿದ ಶಿಲ್ಪಿ

ಕಟ್ಟಡಗಳ ಯೋಗ್ಯತೆಯನ್ನು ಹೊರಗೆ ನಿಂತು ಅಳೆಯುವುದು ಲೋಕದ ರೂಢಿ. ಗೋಪುರವೆಷ್ಟು ಎತ್ತರ, ಮುಂಭಾಗವೆಷ್ಟು ಅಂದವೆಂದು ಕೇಳುವವರು ಬಹುಮಂದಿ. ಒಳಗೆ ಕಡೆಯ ಸಾಲಿನಲ್ಲಿ ಕುಳಿತವರಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನೇ ತನ್ನ ವೃತ್ತಿಯ ಮೂಲಸೂತ್ರವನ್ನಾಗಿ ಮಾಡಿಕೊಂಡ ಒಬ್ಬ ಶಿಲ್ಪಿಯನ್ನು ಕುರಿತು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಾಲ್ಕು ಮಾತು ಅರಿಕೆಮಾಡಬಯಸುತ್ತೇವೆ.

ಜೇಮ್ಸ್ ಕ್ಯೂಬಿಟ್ ಎಂಬವನು 1836ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗನಾಗಿ ಹುಟ್ಟಿದನು. ವಿಕ್ಟೋರಿಯಾ ರಾಣಿಯ ಆಳಿಕೆಯ ಆ ಕಾಲದಲ್ಲಿ ಬ್ಯಾಪ್ಟಿಸ್ಟ್, ಕಾಂಗ್ರಿಗೇಷನಲ್ ಮೊದಲಾದ ಸಭೆಗಳು ಐಶ್ವರ್ಯದಲ್ಲಿ ಬೆಳೆದು, ತಮ್ಮ ಸಾದಾ ಪ್ರಾರ್ಥನಾಮಂದಿರಗಳನ್ನು ಬಿಟ್ಟು, ಗಾಥಿಕ್ ಶೈಲಿಯ ದೇವಾಲಯಗಳನ್ನು ಕಟ್ಟಿಸತೊಡಗಿದ್ದವು. ನೀಳವಾದ ನಡುಮನೆ, ಎರಡು ಬದಿಗಳಲ್ಲಿಯೂ ಕಂಬಗಳ ಸಾಲು: ಇದು ಮೆರವಣಿಗೆಗೂ ವೇದಿಕೆಯ ಆಚರಣೆಗೂ ಒಪ್ಪುವ ರಚನೆ. ಆದರೆ ವಾಕ್ಯಬೋಧನೆಯೇ ಆರಾಧನೆಯ ಜೀವವಾಗಿರುವ ಸಭೆಯಲ್ಲಿ ಕಂಬದ ಮರೆಯಲ್ಲಿ ಕುಳಿತ ಬಡವಿಗೆ ಬೋಧಕರ ಮುಖವೂ ಕಾಣದು, ಮಾತೂ ಸ್ಪಷ್ಟವಾಗದು. 1870ರಲ್ಲಿ ಸಭೆಗಳಿಗೆ ತಕ್ಕ ದೇವಾಲಯ ರಚನೆಯನ್ನು ಕುರಿತು ಕ್ಯೂಬಿಟ್ ಒಂದು ಗ್ರಂಥವನ್ನೇ ಪ್ರಕಟಿಸಿದನು. ಸೌಂದರ್ಯಕ್ಕಾಗಿ ಉಪಯೋಗವನ್ನಾಗಲಿ, ಉಪಯೋಗಕ್ಕಾಗಿ ಸೌಂದರ್ಯವನ್ನಾಗಲಿ ಬಲಿಗೊಡಬೇಕಾಗಿಲ್ಲವೆಂಬುದೇ ಅವನ ವಾದ.

ಆ ವಾದಕ್ಕೆ ಸಾಕ್ಷಿಯಾಗಿ ಲಂಡನ್ನಿನ ಇಸ್ಲಿಂಗ್‌ಟನ್ನಿನಲ್ಲಿ ಯೂನಿಯನ್ ಚಾಪೆಲ್ ನಿಂತಿದೆ. ವೆನಿಸ್ಸಿನ ಬಳಿಯ ಟೊರ್ಚೆಲ್ಲೊ ದ್ವೀಪದಲ್ಲಿರುವ ಸಾಂತಾ ಫೋಸ್ಕಾ ಎಂಬ ಪುರಾತನ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡು, ಕ್ಯೂಬಿಟ್ ಇಲ್ಲಿ ಎಂಟು ಮೂಲೆಗಳ ವಿಶಾಲವಾದ ಸಭಾಂಗಣವನ್ನು ರಚಿಸಿದನು. ದೊಡ್ಡ ಕಮಾನುಗಳು ಛಾವಣಿಯ ಭಾರವನ್ನು ಹೊರುವುದರಿಂದ ನಡುವೆ ಕಂಬಗಳ ಅಡವಿಯಿಲ್ಲ. ಸುತ್ತಲೂ ಉಪ್ಪರಿಗೆಯ ಆಸನಗಳು. ಎಲ್ಲರ ದೃಷ್ಟಿಯೂ ಕೂಡುವಲ್ಲಿ ಪ್ರಸಂಗಪೀಠ. ಅಲ್ಲಿನ ಬೋಧಕರಾದ ಹೆನ್ರಿ ಆಲನ್ ಎಂಬವರು ಹಾಡುವುದು ಗಾಯಕರ ಹಕ್ಕಲ್ಲ, ಸಭೆಯೆಲ್ಲದರ ಕರ್ತವ್ಯವೆಂದು ತಿಳಿದು ಜನರಿಗೆ ಸಂಗೀತ ಕಲಿಸಿದವರು. ಅದಕ್ಕನುಸಾರವಾಗಿ ಹೆನ್ರಿ ವಿಲ್ಲಿಸ್ ನಿರ್ಮಿಸಿದ ಭವ್ಯವಾದ ಆರ್ಗನ್ನನ್ನು ಜಾಲರಿಯ ಹಿಂದೆ ಮರೆಮಾಡಲಾಯಿತು. ವಾದ್ಯವು ಮೆರೆಯದೆ ಸಭೆಗೆ ಊಳಿಗ ಮಾಡಬೇಕೆಂಬುದೇ ಇದರ ಭಾವ.

ನಮಗೆ ಎಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿ ತೋರುವುದು ಬೇರೊಂದು ಸಂಗತಿ. ಸಭಾಂಗಣವು 1877ರಲ್ಲಿ ಆರಾಧನೆಗೆ ತೆರೆಯಲ್ಪಟ್ಟಿತು. ಗೋಪುರವು ಪೂರ್ತಿಯಾದದ್ದು 1889ರಲ್ಲಿ. ಕೇಳುವವರ ಆಸನಗಳು ಮೊದಲು, ನೋಡುವವರ ಗೋಪುರ ಆಮೇಲೆ! 20ನೆಯ ಶತಮಾನದಲ್ಲಿ ಸಭೆ ಕುಗ್ಗಿ, ಕಟ್ಟಡವನ್ನು ಕೆಡವುವ ಮಾತೂ ಬಂದಿತ್ತು. ಆದರೂ ಅದು ಉಳಿಯಿತು. ಇಂದು ಅಲ್ಲಿ ಆರಾಧನೆಯೊಡನೆ ಸಂಗೀತ ಕಚೇರಿಗಳೂ ನಡೆಯುತ್ತವೆ. ಚೆನ್ನಾಗಿ ಕೇಳಲೆಂದು ಕಟ್ಟಿದ ಮನೆಗೆ ಕೇಳುವವರು ಮರಳಿ ಬಂದಿದ್ದಾರೆ.

ಧ್ವನಿವರ್ಧಕಗಳಿರುವ ಈ ಕಾಲದಲ್ಲಿ ಇಷ್ಟು ಚಿಂತೆ ಏತಕ್ಕೆಂದು ಕೆಲವರು ಕೇಳಬಹುದು. ಯಂತ್ರವು ಧ್ವನಿಯನ್ನು ಒಯ್ಯಬಲ್ಲದು. ಮುಖಕ್ಕೆ ಮುಖವನ್ನು ತೋರಿಸಲಾರದು. ಉಪಾಧ್ಯಾಯಿನಿಯು ಮಗುವಿನ ಕಣ್ಣನ್ನು ನೋಡಿಯೇ ಪಾಠ ಹತ್ತಿತೋ ಇಲ್ಲವೋ ಎಂದು ತಿಳಿಯಬೇಕಷ್ಟೆ. ಕೊಠಡಿಯ ಕಂಬ ಮರೆಮಾಡಿದರೆ ಮಗುವಿಗೆ ಪಾಠ ತಪ್ಪುತ್ತದೆ, ನಮಗೆ ಮಗು ತಪ್ಪುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವವಳು ಬಹುಶಃ ಸಂಕೋಚದ ಹುಡುಗಿ. ಕೇಳಿಸಲಿಲ್ಲವೆಂದು ಎದ್ದು ಹೇಳುವ ಧೈರ್ಯ ಆಕೆಗಿರುವುದಿಲ್ಲ.

ಆದುದರಿಂದ ಶಾಲೆಗಳಿಗೆ ಉದಾರವಾಗಿ ದಾನಮಾಡುವ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ. ಹೆಬ್ಬಾಗಿಲಿಗೂ ಅಲಂಕಾರಕ್ಕೂ ನಾವು ವಿರೋಧಿಗಳಲ್ಲ. ಕ್ಯೂಬಿಟ್ಟನೂ ಗೋಪುರವನ್ನು ಬೇಡವೆನ್ನಲಿಲ್ಲ. ಆದರೆ ನಕ್ಷೆಯನ್ನು ಒಪ್ಪುವ ಮೊದಲು ಅದರ ಕಡೆಯ ಸಾಲಿನ ಮೂಲೆಯಲ್ಲಿ ಬೆರಳಿಟ್ಟು, ಇಲ್ಲಿ ಕುಳಿತ ಮಗುವಿಗೆ ಕಾಣುವುದೇ, ಕೇಳಿಸುವುದೇ ಎಂದು ಕೇಳಿರಿ. ಹೌದೆಂಬ ಉತ್ತರ ಬಂದ ಮೇಲೆ ಗೋಪುರದ ಮಾತನ್ನಾಡೋಣ.