ನಳಿಗೆ ಎಷ್ಟು ಇಂಚು ಅಂತ ಕೇಳುವ ಮೊದಲು

1/7
ಫೋಟೋದಲ್ಲಿ ಇರುವುದು ಎರಡು ಮರದ ಗೂಟ. ಕಾರ್ಕಳದ ದೊಡ್ಡ ಮಾವನ ಮನೆಯ ಚಾವಡಿ. ಅಜ್ಜನ ಕಾಲದಲ್ಲಿ ಕೋವಿ ಇದರಲ್ಲೇ ನೇತಾಡ್ತಿತ್ತು. ಈಗ ಮಾವ ಕಪಾಟಿನಲ್ಲಿಟ್ಟು ಬೀಗ ಹಾಕ್ತಾರೆ, ಹಾಗೇ ಇಡ್ಬೇಕು ಕೂಡ.

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಅಮೆರಿಕದ ರೀಲ್ ಬಂತು. ಒಬ್ಬ ಮೇಜಿನ ಮೇಲೆ ಬಿಡಿಭಾಗ ಹರಡಿಕೊಂಡು ಗಿಡ್ಡ ರೈಫಲ್ ಜೋಡಿಸ್ತಾನೆ. ಅಷ್ಟೇ. ಆಮೇಲೆ ಎರಡು ದಿನ ನಮ್ಮ ಹುಡುಗರ ಚರ್ಚೆ ಕೇಳ್ಬೇಕು ಮಾರ್ರೆ! ಹತ್ತೂವರೆ ಇಂಚಿನ ನಳಿಗೆ ಒಳ್ಳೆಯದಾ, ಹದಿನಾಲ್ಕೂವರೆಯಾ, ಹದಿನಾರಾ? 5.56 ಸಾಕಾ, .300 ಬ್ಲ್ಯಾಕ್‌ಔಟ್ ಬೇಕಾ? ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಕೂತು, ಗೇಮ್ ಬಿಟ್ಟು ಬೇರೆಲ್ಲೂ ಈಡು ಹೊಡೆಯದವರು ಸೇನಾಧಿಕಾರಿಗಳ ಹಾಗೆ ಮಾತಾಡಿದ್ದು.

ನಗು ಬಂತು, ಸುಮ್ಮನಿದ್ದೆ. ಆಮೇಲೆ ಕಾಪು ಕಡೆಯ ಒಬ್ಬ ಫಾಲೋವರ್ ಮೆಸೇಜ್ ಮಾಡಿದ: "ಅಕ್ಕ, ನಮ್ಮಲ್ಲಿ ಅಜ್ಜನ ಒಂಟಿ ನಳಿಗೆ ಉಂಟು. ತುಂಬ ಉದ್ದ. ಮುಂದಿನ ತುದಿ ಕತ್ತರಿಸಿದ್ರೆ ಕಂಪ್ಯಾಕ್ಟ್ ಆಗ್ತದಲ್ಲ?"

ಅಲ್ಲಿಗೆ ನಗು ನಿಂತಿತು. ಈ ಸರಣಿ ಅವನಿಗೆ, ಅವನ ಹಾಗೆ ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರಿಗೆ. ಬಿಕಾಂ ಓದುವವಳಿಗೆ ಕೋವಿ ವಿಷಯ ಎಂತಕ್ಕೆ ಅಂತ ಕೇಳುವವರು ಕಾಮೆಂಟಿನಲ್ಲಿ ಕೇಳಬಹುದು. ಬಿಸಿನೆಸ್ ಲಾ ನಮಗೂ ಉಂಟು.

2/7
ಮೊದಲು ಆ ರೀಲಿನ ಲೆಕ್ಕ ಮುಗಿಸುವ.

ಅಮೆರಿಕದವರು ಹದಿನಾರು ಇಂಚು, ಹದಿನಾರು ಇಂಚು ಅಂತ ಜಪ ಮಾಡುವುದು ಅದರಲ್ಲೇನೋ ದೊಡ್ಡ ವಿಜ್ಞಾನ ಇದೆ ಅಂತ ಅಲ್ಲ. ಅದು ಅವರ ಕಾನೂನು. 1934ರಲ್ಲಿ ಗ್ಯಾಂಗ್‌ಸ್ಟರುಗಳ ಕಾಟ ಜೋರಾಗಿದ್ದಾಗ ಗಿಡ್ಡ ನಳಿಗೆಯ ಕೋವಿಗೆ ನೋಂದಣಿ, ಮೇಲಿಂದ 200 ಡಾಲರ್ ತೆರಿಗೆ ಹಾಕಿದರು. ರೈಫಲಿಗೆ ಆಗ ಗೆರೆ ಇದ್ದದ್ದು 18 ಇಂಚಿಗೆ, 1960ರಲ್ಲಿ 16ಕ್ಕೆ ಇಳಿಸಿದರು. ಅಂದರೆ ನೀವು ಗ್ರೂಪಿನಲ್ಲಿ ತಲೆ ಒಡೆದುಕೊಂಡದ್ದು ಬೇರೆ ದೇಶದ ಒಂದು ತೆರಿಗೆ ಕಾಯ್ದೆಯ ಮೇಲೆ.

ವಿಜ್ಞಾನ ಇಲ್ಲವೇ ಇಲ್ಲ ಅಂತಲ್ಲ. ಮದ್ದು ಉರಿದು ಹುಟ್ಟುವ ಗ್ಯಾಸ್ ಗುಂಡನ್ನು ತಳ್ಳುವುದು ಗುಂಡು ನಳಿಗೆಯೊಳಗೆ ಇರುವವರೆಗೆ ಮಾತ್ರ. 5.56 ತೋಟೆ ಬೆಳೆದದ್ದು 20 ಇಂಚಿನ ಎಂ16 ರೈಫಲಿನ ಜೊತೆ, ಅದರ ಬಲ ಇರುವುದು ವೇಗದಲ್ಲಿ. ನಳಿಗೆ ಮೊಟಕಾದಷ್ಟೂ ವೇಗ ಕಡಿಮೆ, ಬಾಯಲ್ಲಿ ಬೆಂಕಿ ಮತ್ತು ಸದ್ದು ಜಾಸ್ತಿ. ಹಾಗಾಗಿ ಭಾರದ ಗುಂಡು, ಬೇಗ ಉರಿಯುವ ಮದ್ದು ಹಾಕಿ ಗಿಡ್ಡ ನಳಿಗೆಗೆ ಅಂತಲೇ ಮಾಡಿದ್ದು .300 ಬ್ಲ್ಯಾಕ್‌ಔಟ್. ಇಷ್ಟೇ ಕಥೆ. ಎರಡು ದಿನದ ಚರ್ಚೆ ನಾಲ್ಕು ಸಾಲಿನಲ್ಲಿ ಮುಗೀತು.

ಈಗ ಊರಿಗೆ ಬನ್ನಿ.

3/7
ನಮ್ಮ ದೇಶದಲ್ಲಿ "ಬಿಲ್ಡ್" ಅಂತ ಒಂದು ಹವ್ಯಾಸ ಇಲ್ಲ. ಬಿಡಿಭಾಗ ತರಿಸಿ ಮನೆಯಲ್ಲಿ ಜೋಡಿಸಿದರೆ ಅದಕ್ಕೆ ಹೆಸರು ಅಕ್ರಮ ತಯಾರಿಕೆ. ಕತ್ತರಿಸುವುದಕ್ಕೂ ಪ್ರತ್ಯೇಕ ಸೆಕ್ಷನ್ ಉಂಟು: 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 6. ಅದಕ್ಕೆಂದೇ ಪರವಾನಗಿ ಇಲ್ಲದೆ ಯಾರೂ ಬಂದೂಕಿನ ನಳಿಗೆ ಮೊಟಕು ಮಾಡಬಾರದು. ಆ ಕೋವಿಗೆ ಲೈಸೆನ್ಸ್ ಇದ್ದರೂ ಮಾಡಬಾರದು. 2019ರ ತಿದ್ದುಪಡಿಯ ನಂತರ ಶಿಕ್ಷೆ ಕಡಿಮೆ ಅಂದರೆ ಏಳು ವರ್ಷ, ಜಾಸ್ತಿ ಅಂದರೆ ಜೀವಾವಧಿ. ಒಂದು ಹ್ಯಾಕ್ಸಾ ಬ್ಲೇಡಿಗೆ ಏಳು ವರ್ಷ. ಕಾಪುವಿನ ತಮ್ಮ, ಓದಿದಿಯಾ? ಇನ್ನೊಮ್ಮೆ ಓದು.

ಕಾನೂನು ಬದಿಗಿಡುವ. ಕತ್ತರಿಸಿದರೆ ನಿನ್ನ ಕೈಗೆ ಸಿಗುವುದು ಎಂತದ್ದು? ತೋಟೆ ಕೋವಿಯ ನಳಿಗೆಯ ಬಾಯಿ ಹೆಚ್ಚಾಗಿ ಸ್ವಲ್ಪ ಬಿಗಿಯಾಗಿರ್ತದೆ, ಅದಕ್ಕೆ ಚೋಕ್ ಅಂತಾರೆ. ಚರೆ ಒಟ್ಟಾಗಿ ಹೋಗುವುದು ಅದರಿಂದ. ನೀನು ಮೊದಲು ಕತ್ತರಿಸಿ ಬಿಸಾಡುವುದು ಅದನ್ನೇ. ಗುರಿ ನೋಡುವ ಮಣಿಯೂ ಅದರ ಜೊತೆಯೇ ಹೋಯ್ತು. ಉಳಿಯುವುದು ದೂರಕ್ಕೆ ತಾಗದ, ಹತ್ತಿರದಲ್ಲಿ ಯಾರಿಗೆ ತಾಗ್ತದೆ ಅಂತ ಹೇಳಲಾಗದ ಒಂದು ವಸ್ತು. ಗದ್ದೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಅದು ಅಂಗಿಯೊಳಗೆ ಅಡಗಿಸಲಿಕ್ಕೆ ಮಾತ್ರ ಅನುಕೂಲ. ಪೊಲೀಸರು, ಕೋರ್ಟು ಅದನ್ನು ನೋಡುವುದೂ ಹಾಗೆಯೇ. ಅಜ್ಜ ಹಂದಿ ಓಡಿಸಿದ ಕೋವಿಯನ್ನು ರೌಡಿಯ ಆಯುಧ ಮಾಡಿ ಇಡ್ತಿ, ಅದೂ ನಿನ್ನ ಅಪ್ಪನ ಹೆಸರಿನ ಲೈಸೆನ್ಸಿನಲ್ಲಿ.

ಲೈಸೆನ್ಸ್ ನಿನ್ನದಲ್ಲ ಎನ್ನುವುದೂ ನೆನಪಿರಲಿ. 21 ತುಂಬದವರ ಹೆಸರಿನಲ್ಲಿ ಅದು ಆಗುವುದೇ ಇಲ್ಲ. ನನಗೆ 20. ನನಗೂ ಇಲ್ಲ.

4/7
ಕ್ಯಾಲಿಬರ್ ವಿಷಯ. ಇಲ್ಲಿ ಅದನ್ನು ನೀವು ಆರಿಸುವುದಲ್ಲ, ಸರಕಾರ ಮೊದಲೇ ಆರಿಸಿ ಆಗಿದೆ.

.303, 9 ಎಂಎಂ ಇಂಥವು ನಿಷೇಧಿತ ಬೋರ್. ಜಿಲ್ಲಾಧಿಕಾರಿ ಕೊಡಲಿಕ್ಕಾಗುವುದಿಲ್ಲ, ಕೇಂದ್ರದ ಒಪ್ಪಿಗೆ ಬೇಕು. ಇದರ ಬೇರು ಬ್ರಿಟಿಷರ ಕಾಲದ್ದು. ಸೇನೆಯ .303 ತೋಟೆ ಜನರ ಕೈಗೆ ಸಿಗಬಾರದು ಎನ್ನುವುದು ಅವರ ಹೆದರಿಕೆ. ಹಾಗಾಗಿ ಸೇನೆಯ ರೈಫಲಿಗೆ ಹಾಕಲಾಗದ ಬೇರೆ ಅಳತೆ ಜನರಿಗೆ ಅಂತ ಬಂತು. ನಮ್ಮ ಸರಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಅದರದ್ದೇ ಪಳೆಯುಳಿಕೆ. ಅವರು ಹೋಗಿ ಇಷ್ಟು ವರ್ಷ ಆಯ್ತು, ಆ ಹೆದರಿಕೆಯ ಅಳತೆ ಇನ್ನೂ ಅಂಗಡಿಯಲ್ಲಿ ಉಂಟು.

ಕೃಷಿಕರ ಮನೆಯಲ್ಲಿ ಇರುವುದು ಮಾತ್ರ ಬಹುಪಾಲು 12 ಬೋರ್. ಒಂದು ಪೌಂಡ್ ಸೀಸದಲ್ಲಿ ಸಮನಾಗಿ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಆಗ್ತದೋ ಅದೇ ನಳಿಗೆಯ ಒಳ ಅಳತೆ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಒಂಟಿ ನಳಿಗೆ, ಜೋಡು ನಳಿಗೆ. ಅದಕ್ಕೂ ಹಿಂದಿನದ್ದು ಬಾಯಿಂದ ಮದ್ದು ತುಂಬಿಸುವ ಕೇಪಿನ ಕೋವಿ.

ಈಗ ಗ್ರೂಪಿನ ಎಕ್ಸ್‌ಪರ್ಟ್‌ಗಳು ಸ್ವಲ್ಪ ಕಿವಿ ಕೊಡಿ. ನಳಿಗೆಯ ಉದ್ದ, ಕೋವಿಯ ಜಾತಿ ಎರಡೂ ಸೇರಿ ಬರುವ ಒಂದು ಸಾಲು ನಮ್ಮದೇ ಕಾಯ್ದೆಯಲ್ಲಿ ಉಂಟು. ಸೆಕ್ಷನ್ 13, ಉಪಸೆಕ್ಷನ್ 3. ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಯ ನಳಿಗೆಯ ಕೋವಿ, ಪ್ರಾಮಾಣಿಕ ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೇಳಿದ ಪ್ರಜೆಗೆ ಲೈಸೆನ್ಸ್ "ಕೊಡತಕ್ಕದ್ದು". ಕೊಡಬಹುದು ಅಂತ ಅಲ್ಲ. ಕೇಪಿನ ಕೋವಿ ಸಾಕಾಗುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ತೋಟೆ ಕೋವಿಯೂ ಕೊಡಬಹುದು. ನಿರಾಕರಿಸುವುದಾದರೆ ಕಾರಣ ಬರೆದಿಡಬೇಕು, ಅದರ ಮೇಲೆ ಅಪೀಲು ಉಂಟು.

ನೀವು ಜಗಳ ಆಡಬೇಕಾದ ಇಂಚು ಇದು. ಇಪ್ಪತ್ತು. ಇದರ ಬಗ್ಗೆ ಒಬ್ಬನೂ ಒಂದು ಸ್ಟೋರಿ ಹಾಕಿದ್ದು ನಾನು ನೋಡಿಲ್ಲ.

5/7
ಗೂಟ ಖಾಲಿ, ಸರಿ. 2024ರಲ್ಲಿ ಕಪಾಟೂ ಖಾಲಿ ಇತ್ತು.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಕೋವಿ ಠಾಣೆಗೆ ತಂದು ಠೇವಣಿ ಇಡಿ ಅಂತ ಮಾವನಿಗೆ ಫೋನ್. ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ ಮುಗಿಯಿತು. ಆದರೆ ಎಣಿಕೆ ಜೂನ್ 4ಕ್ಕೆ. ಹತ್ತಿರ ಹತ್ತಿರ ಎರಡೂ ಮುಕ್ಕಾಲು ತಿಂಗಳು. ಅದರ ಹಿಂದಿನ ವರ್ಷ ಮೇ 10ಕ್ಕೆ ವಿಧಾನಸಭೆ, ಆಗಲೂ ಹೀಗೇ. ಕೋವಿ ವಾಪಸ್ ಬಂದಾಗ ನಳಿಗೆಯೊಳಗೆ ತುಕ್ಕು. ಮಾವ ಎಂತದೂ ಹೇಳ್ಲಿಲ್ಲ, ಎಣ್ಣೆ ಬಟ್ಟೆ ತಗೊಂಡು ಜಗಲಿಯಲ್ಲಿ ಕೂತರು.

ಆ ಎರಡೂ ಮುಕ್ಕಾಲು ತಿಂಗಳು ಮಂಗಗಳಿಗೆ ನೀತಿ ಸಂಹಿತೆ ಇತ್ತಾ? ಎಳನೀರು ಕಚ್ಚಿ ಕಚ್ಚಿ ಬಿಸಾಡಿದ ರಾಶಿ ಆರನೇ ಫೋಟೋದಲ್ಲಿ ಉಂಟು. ಹಂದಿ ಬಾಳೆಯ ಬುಡ ಉತ್ತು ಹಾಕಿದ್ದು ಏಳನೆಯದು. ಕಾಸ್ಟ್ ಅಕೌಂಟಿಂಗಿನಲ್ಲಿ ಅಸಹಜ ನಷ್ಟ ಅಂತ ಓದ್ತೇವಲ್ಲ, ಮಾವನ ತೋಟದಲ್ಲಿ ಅದೇ ಸಹಜ.

ವಿಷಯ ಎಂತ ಗೊತ್ತುಂಟಾ? ಎಲ್ಲರ ಕೋವಿ ಕಟ್ಟಿಡಿ ಅಂತ ಚುನಾವಣಾ ಆಯೋಗ ಹೇಳುವುದೇ ಇಲ್ಲ. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಹೀಗೆ ಒಬ್ಬೊಬ್ಬರನ್ನೂ ಜಿಲ್ಲೆಯ ಸ್ಕ್ರೀನಿಂಗ್ ಸಮಿತಿ ಪರಿಶೀಲಿಸಿ ತೀರ್ಮಾನಿಸಬೇಕು. ಬ್ಯಾಂಕ್ ಗಾರ್ಡಿಗೆ ವಿನಾಯಿತಿ ಸಿಗ್ತದೆ. ತನ್ನ ತೋಟಕ್ಕೆ ತಾನೇ ಗಾರ್ಡ್ ಆಗಿರುವ ಎಪ್ಪತ್ತರ ಮುದುಕನಿಗೆ ಯಾಕಿಲ್ಲ? ಒಂದು ಕೇಸಿಲ್ಲ, ಒಂದು ಜಗಳ ಇಲ್ಲ. ಒಬ್ಬೊಬ್ಬರ ಫೈಲ್ ನೋಡುವುದಕ್ಕಿಂತ ಎಲ್ಲರಿಗೂ ಒಂದೇ ಫೋನ್ ಮಾಡುವುದು ಸುಲಭ, ಅದಕ್ಕೆ. ದಕ್ಷಿಣ ಕನ್ನಡದ ಕೆಲವು ಕೃಷಿಕರು ಇದೇ ವಿಷಯಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದರು. ನಮ್ಮವರು ಜೀಪಿನ ಹಿಂದೆ ಕೋವಿ ಇಟ್ಟುಕೊಂಡು ಹೋಗಿ, ರಶೀದಿ ತಗೊಂಡು ಬರ್ತಾರೆ.

ಕೊಡಗಿಗೆ ಬೇರೆ ಇತಿಹಾಸ, ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, 2029ರವರೆಗೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮಗೆ ಅಷ್ಟೆಲ್ಲ ಬೇಡ ಮಾರ್ರೆ. ಪುಸ್ತಕದಲ್ಲಿ ಬರೆದದ್ದು ಕೊಟ್ಟರೆ ಸಾಕು.

6/7
ಈಗ ನನ್ನ ಮೇಲೆ ಬರುವ ಪ್ರಶ್ನೆ ಗೊತ್ತುಂಟು. "ಅಂದ್ರೆ ನೀನು ಪ್ರಾಣಿ ಕೊಲ್ಲುವುದಕ್ಕೆ ಸಪೋರ್ಟಾ?"

ಇಲ್ಲ. ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಎರಡನ್ನೂ ಒಂದೇ ಅಂದುಕೊಂಡವರು ನಮ್ಮ ಊರಲ್ಲೇ ಬೇಕಷ್ಟು ಜನ ಇದ್ದಾರೆ, ಅವರ ಮೇಲೂ ನನಗೆ ಸಿಟ್ಟು ಉಂಟು. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ಮೊದಲನೇ ಶೆಡ್ಯೂಲಿನಲ್ಲಿದೆ, ಮುಟ್ಟುವ ಹಾಗಿಲ್ಲ. ಹಂದಿ ಬೆಳೆ ತಿಂದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಪಕ್ಕದ ಕೇರಳದಲ್ಲಿ 2022ರಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರ ಕೈಗೇ ಕೊಟ್ಟರು. ಅದು ಸರಿಯಾ ತಪ್ಪಾ ಅಂತ ಬೇರೆ ಜಗಳ ಮಾಡುವ.

ಮಾವನ ಕೋವಿ ಹೆಚ್ಚಿನ ದಿನ ಮಾಡುವ ಕೆಲಸ ಸದ್ದು. ಆಕಾಶಕ್ಕೆ ಒಂದು ಈಡು, ಮಂಗನ ಹಿಂಡು ಗುಡ್ಡೆ ಹತ್ತಿತು. ಮಟ್ಟುಗುಳ್ಳದ ಗದ್ದೆಗೆ ನವಿಲು ಬಂದರೆ ಕೂಡ ಮಾಡಲಿಕ್ಕೆ ಇರುವುದು ಓಡಿಸುವುದು ಮಾತ್ರ. ಆ ಸದ್ದಿಗೆ ಹತ್ತೂವರೆ ಇಂಚೂ ಬೇಡ, ಬ್ಲ್ಯಾಕ್‌ಔಟೂ ಬೇಡ.

ಆ ಸದ್ದೂ ಇಲ್ಲದಿದ್ದಾಗ ಎಂತ ಆಗ್ತದೆ? ಉರುಳು ಬರ್ತದೆ. ಬೇಲಿಗೆ ಕರೆಂಟ್ ಬರ್ತದೆ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದ ಸುದ್ದಿ ನಮ್ಮ ಜಿಲ್ಲೆಗೆ ಹೊಸತಲ್ಲ. ರಾತ್ರಿ ತೋಟಕ್ಕೆ ನೀರು ಬಿಡಲಿಕ್ಕೆ ಹೋದವರು ಕರೆಂಟ್ ಬೇಲಿಗೆ ತಾಗಿದರೆ ಎಂತ ಗತಿ ಅಂತ ಬಿಡಿಸಿ ಹೇಳ್ಬೇಕಾ? ಲೈಸೆನ್ಸ್ ಕೋವಿಗೆ ನಂಬರ್ ಉಂಟು, ಹೆಸರು ಉಂಟು, ತೋಟೆಗೆ ಲೆಕ್ಕ ಉಂಟು. ಉರುಳಿಗೆ ಯಾವ ಲೆಕ್ಕವೂ ಇಲ್ಲ.

7/7
ಕೊನೆಗೆ ರೀಲಿನವರಿಗೆ, ಪ್ರೀತಿಯಿಂದಲೇ.

ಅಪ್ಪನ ಕೋವಿ ಹಿಡಿದು, ಹಿಂದೆ ಹುಲಿವೇಷದ ತಾಸೆ ಹಾಕಿ ನೀವು ಬಿಡುವ ಆ ಹದಿನೈದು ಸೆಕೆಂಡ್ ನೋಡುವುದು ನಿಮ್ಮ ಕ್ರಶ್ ಮಾತ್ರ ಅಲ್ಲ. ಶರತ್ತು ಮುರಿದರೆ ಲೈಸೆನ್ಸ್ ರದ್ದು ಮಾಡುವ ಅಧಿಕಾರ ಜಿಲ್ಲಾಧಿಕಾರಿಗೆ ಉಂಟು. ಮದುವೆಯ ಖುಷಿಗೆ ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಗುಂಡು ಹಾರಿಸಿದರೆ 2019ರಿಂದ ಅದಕ್ಕೇ ಪ್ರತ್ಯೇಕ ಶಿಕ್ಷೆ: ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಪ್ಪ ನಲವತ್ತು ವರ್ಷ ನವೀಕರಿಸಿಕೊಂಡು ಬಂದದ್ದು ಒಂದು ಲೈಕಿಗೆ ಹೋಗ್ತದೆ. ಅದಕ್ಕಿಂತ ಹೆಚ್ಚಾಗಿ, ಇಂಥ ಒಂದು ರೀಲ್ ಸಾಕು, ನಾಳೆ "ಕೃಷಿಕರಿಗೆ ಕೋವಿ ಎಂತಕ್ಕೆ" ಅಂತ ಮೇಜಿನ ಆಚೆ ಕೂತವರು ಕೇಳಲಿಕ್ಕೆ. ಆಗ ಉತ್ತರ ಕೊಡಬೇಕಾದವರು ಮಾವನಂಥವರು.

ನಿಜವಾಗಿ ಗುರಿ ಹೊಡೆಯುವ ಹುಚ್ಚು ಇದ್ದರೆ ದಾರಿ ಉಂಟು. ಎನ್‌ಸಿಸಿ ಸೇರಿ, .22 ಹೊಡೆಯಲಿಕ್ಕೆ ಸಿಗ್ತದೆ. ರೈಫಲ್ ಕ್ಲಬ್ ಸೇರಿ. ಸೆಕ್ಷನ್ 13ರಲ್ಲಿ ನಾನು ಹೇಳಿದ ಸಾಲಿನ ಕೆಳಗೇ ಕ್ಲಬ್ ಸದಸ್ಯರ .22 ಮತ್ತು ಏರ್ ರೈಫಲ್ ಕೂಡ ಉಂಟು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದು ನಾಲ್ಕೂವರೆ ಮಿಲಿಮೀಟರಿನ ಏರ್ ರೈಫಲಿನಲ್ಲಿ. 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಲೆಯ ಕಂಚು .22ರಲ್ಲಿ. ಕ್ಯಾಲಿಬರ್ ಸಾಕಾಗ್ಲಿಲ್ಲ ಅಂತ ಇಬ್ಬರೂ ಅತ್ತದ್ದು ಕೇಳಿಲ್ಲ.

ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇರುವವರು ಒಂದು ಕೆಲಸ ಮಾಡಿ. ಪಂಚಾಯತ್ ಚುನಾವಣೆ ಬಂದಾಗಲೂ ಫೋನ್ ಬರ್ತದೆ. ಅದಕ್ಕೆ ಮೊದಲೇ ಅಪ್ಪ, ಅಜ್ಜ, ಮಾವ ಯಾರ ಹೆಸರಿನಲ್ಲಿ ಉಂಟೋ ಅವರ ಹತ್ತಿರ ಒಂದು ಅರ್ಜಿ ಬರೆಸಿ: ಲೈಸೆನ್ಸ್ ನಂಬರ್, ಜಮೀನಿನ ಆರ್‌ಟಿಸಿ, ಯಾವ ಕೇಸೂ ಇಲ್ಲ ಎನ್ನುವ ಒಂದು ಸಾಲು, ವಿನಾಯಿತಿಯ ಕೋರಿಕೆ. ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಲ್ಲ ಅಂದರೆ, ಇಲ್ಲ ಅಂತ ಬರೆದು ಕೊಡಿ ಅನ್ನಿ. ಮಾವನ ಅರ್ಜಿ ನಾನೇ ಟೈಪ್ ಮಾಡಿದ್ದೇನೆ, ಹೆಸರು ತೆಗೆದು ಹೈಲೈಟ್ಸಿನಲ್ಲಿ ಹಾಕಿದ್ದೇನೆ. ಕಾಪುವಿನ ತಮ್ಮ, ನಿನ್ನ ಮೆಸೇಜಿಗೂ ಅದನ್ನೇ ಕಳಿಸಿದ್ದೇನೆ. ಹ್ಯಾಕ್ಸಾ ಕೆಳಗಿಟ್ಟು ತೆರೆದು ನೋಡು.