ಕೊಬ್ಬರಿ ಲೆಕ್ಕದಲ್ಲಿ ಒಂದು ಸೈಕಲ್ಲು

ಹೋದ ಸೆಮ್‌ನ ಕೊನೇ ಇಂಟರ್ನಲ್ಸ್ ಮುಗಿದ ರಾತ್ರಿ ಎಲ್ಲರೂ ಮೆಸ್‌ನಲ್ಲಿ ಕೂತಿದ್ವಿ. ನಮ್ಮ ಬ್ಯಾಚಿನವನೇ ಒಬ್ಬ, ತುರುವೇಕೆರೆ ಕಡೆಯವನು, ತಟ್ಟೆ ನೋಡ್ತಾನೇ ಹೇಳಿದ: "ನಾನು ಕಾಲೇಜು ಬಿಡ್ತೀನಿ ಕಣ್ರೋ. ಪ್ರೊ ಟ್ರಯತ್ಲೀಟ್ ಆಗ್ತೀನಿ." ನಾವು ನಕ್ಕುಬಿಟ್ವಿ. ಒಬ್ಬ "ಮೊದ್ಲು ಎಂ-3 ಕ್ಲಿಯರ್ ಮಾಡು" ಅಂದ. ಅವನು ತಟ್ಟೆ ತೊಳೆದು ರೂಮಿಗೆ ಹೋದ.

ಆಮೇಲೆ ನಮಗೇ ಒಂಥರಾ ಆಯ್ತು. ಯಾಕಂದ್ರೆ ಇವನು ರೀಲ್ಸ್ ನೋಡಿ ಮಾತಾಡೋ ಹುಡುಗ ಅಲ್ಲ. ಒಂದೂವರೆ ವರ್ಷದಿಂದ ಬೆಳಗ್ಗೆ ಐದಕ್ಕೆ ಏಳ್ತಾನೆ. ಭಾನುವಾರ ನಾವು ಎದ್ದು ಬ್ರಷ್ ಮಾಡೋ ಹೊತ್ತಿಗೆ ಅವನು ತಿಪಟೂರಿನಿಂದ ಹೊರಟು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿ ವಾಪಸ್ ಬಂದಿರ್ತಾನೆ. ಆ ಸುತ್ತು ಹೆಚ್ಚು ಕಡಿಮೆ 90 ಕಿ.ಮೀ. ಬರುತ್ತೆ. ಐರನ್‌ಮನ್ 70.3 ಅನ್ನೋ ಅರ್ಧ ದೂರದ ಸ್ಪರ್ಧೆಯಲ್ಲಿ ಸೈಕಲ್ ಭಾಗವೂ 90 ಕಿ.ಮೀ.ಯೇ. ನಮ್ಮ ಮೂರು ತಾಲ್ಲೂಕುಗಳೇ ಅವನಿಗೆ ಅಳತೆಪಟ್ಟಿ ಮಾಡಿಕೊಟ್ಟ ಹಾಗಿದೆ.

ಹಾಗಾಗಿ ನಕ್ಕಿದ್ದಕ್ಕೆ ಪ್ರಾಯಶ್ಚಿತ್ತ ಅಂತ ನಾವು ಕೂತು ಲೆಕ್ಕ ಹಾಕಿದ್ವಿ. ಇಂಜಿನಿಯರಿಂಗ್ ಓದೋರು, ಇನ್ನೇನು ಮಾಡೋಕಾಗುತ್ತೆ. ಈ ಲೇಖನ ಆ ಲೆಕ್ಕದಿಂದ ಹುಟ್ಟಿದ್ದು.

ಗೊತ್ತಿಲ್ಲದವರಿಗೆ: ಟ್ರಯತ್ಲಾನ್ ಅಂದ್ರೆ ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು, ಮಧ್ಯೆ ಗಡಿಯಾರ ನಿಲ್ಲೋದಿಲ್ಲ. ಒಲಿಂಪಿಕ್ಸ್‌ಗೆ ಇದು ಬಂದದ್ದು 2000ದ ಸಿಡ್ನಿಯಲ್ಲಿ, ಅಲ್ಲಿ 1.5 ಕಿ.ಮೀ. ಈಜು, 40 ಸೈಕಲ್, 10 ಓಟ. ಪೂರ್ತಿ ಐರನ್‌ಮನ್ ಅಂದ್ರೆ 3.8, 180 ಮತ್ತು 42.2. ಅದು 1978ರಲ್ಲಿ ಹವಾಯಿಯಲ್ಲಿ ಶುರುವಾಯ್ತು. ಮೊದಲ ವರ್ಷ ಹೊರಟವರು 15 ಜನ, ಮುಗಿಸಿದವರು 12. ಈಗ ಗೋವಾದಲ್ಲೂ 2019ರಿಂದ 70.3 ನಡೆಯುತ್ತೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನ ಎಂಟೂವರೆ ಗಂಟೆಯ ಗಡುವಿನೊಳಗೆ ಮುಗಿಸಿದಾಗ ನಮ್ಮ ಅಮ್ಮಂದಿರಿಗೂ ಐರನ್‌ಮನ್ ಅನ್ನೋ ಪದ ಗೊತ್ತಾಯ್ತು. ಅಲ್ಲೀವರೆಗೆ ಅದು ಮಾರ್ವೆಲ್ ಸಿನಿಮಾ.

ಈಗ ಸೈಕಲ್ಲಿನ ಲೆಕ್ಕಕ್ಕೆ ಬರೋಣ. ಸ್ಪರ್ಧೆಗೆ ತಕ್ಕ ಸೈಕಲ್ಲು ಸಾಧಾರಣದ್ದು ಅಂದ್ರೂ ಎರಡು ಲಕ್ಷ ಅಂತ ಇಟ್ಕೊಳ್ಳೋಣ. ನಮ್ಮ ಗೆಳೆಯನ ಮನೆಯಲ್ಲಿ ಸಂಬಳ ಯಾರಿಗೂ ಇಲ್ಲ, ತೋಟ ಇದೆ. ಅಂದ್ರೆ ದುಡ್ಡಿನ ಯೂನಿಟ್ಟು ರೂಪಾಯಿ ಅಲ್ಲ, ಕ್ವಿಂಟಾಲ್. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ. ಎರಡು ಲಕ್ಷಕ್ಕೆ ಹದಿನಾರೂ ಮುಕ್ಕಾಲು ಕ್ವಿಂಟಾಲ್ ಬೇಕು. ಒಂದು ಕೆ.ಜಿ. ಕೊಬ್ಬರಿಗೆ ಏಳು ಕಾಯಿ ಅಂದ್ರೂ ಹನ್ನೊಂದೂವರೆ ಸಾವಿರ ಕಾಯಿ ದಾಟುತ್ತೆ. ಮರಕ್ಕೆ ವರ್ಷಕ್ಕೆ 80 ಕಾಯಿ (ನುಸಿ, ಕಪ್ಪುತಲೆ ಹುಳ, ಬರ ಎಲ್ಲಾ ನೋಡಿದ ಮೇಲೆ ಇದು ಧಾರಾಳದ ಅಂದಾಜು), ಅಲ್ಲಿಗೆ ಸುಮಾರು 145 ಮರ. ಎಕರೆಗೆ 45 ಮರದಂತೆ ಮೂರು ಎಕರೆಗೂ ಮೇಲೆ. ಮೂರು ಎಕರೆ ತೋಟದ ಇಡೀ ವರ್ಷದ ಫಸಲು, ಗೊಬ್ಬರ, ಕೂಲಿ, ಸುಲಿಯೋ ಖರ್ಚು ಒಂದೂ ಕಳೀದೆ, ಒಂದು ಸೈಕಲ್ಲು. ಅದೂ ಶೂ, ಹೆಲ್ಮೆಟ್ ಬಿಟ್ಟು.

ಅದಕ್ಕಿಂತ ತಮಾಷೆ ಏನಂದ್ರೆ ಈ ಸೈಕಲ್ಲಿನ ತೂಕ ವರ್ಷ ವರ್ಷ ಬದಲಾಗುತ್ತೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು. ಆಗ ಅದೇ ಸೈಕಲ್ಲಿಗೆ 25 ಕ್ವಿಂಟಾಲ್ ಬೇಕಿತ್ತು. 2025ರಲ್ಲಿ ಬೆಲೆ 25 ಸಾವಿರ ದಾಟಿತು. 8 ಕ್ವಿಂಟಾಲ್ ಸಾಕು. ಆದ್ರೆ ಬೆಲೆ ಏರಿದಾಗ ಮರದಲ್ಲಿ ಕಾಯಿ ಇರಲಿಲ್ಲ, ಅದಕ್ಕೇ ತಾನೇ ಏರಿದ್ದು. ಹೀಗೆ ಮೇಲೆ ಕೆಳಗೆ ಹಾರೋ ಆದಾಯದ ಮೇಲೆ ಮನೆ ನಡೆಸಿದ ಅಪ್ಪನಿಗೆ ಮಗ ಬಂದು "ಬಹುಮಾನದ ಹಣದಲ್ಲಿ ಬದುಕ್ತೀನಿ" ಅಂದ್ರೆ ಏನನ್ಸುತ್ತೆ? ನಮಗೆ ಅನ್ಸಿದ್ದು: ಅವರು ಭಯ ಪಡೋದು ಆಟಕ್ಕಲ್ಲ. ಇನ್ನೊಂದು ಕೊಬ್ಬರಿ ಮಾರುಕಟ್ಟೆಗೆ ಭಯ ಪಡ್ತಾರೆ. ತಮ್ಮ ಮಗನಿಗಾದ್ರೂ ತಿಂಗಳ ಒಂದನೇ ತಾರೀಕು ಅನ್ನೋದು ಇರಲಿ ಅಂತಾನೇ ಅವರು ಅವನನ್ನ ಇಲ್ಲಿಗೆ ಸೇರಿಸಿದ್ದು.

ಹಾಗಾದ್ರೆ ಬಹುಮಾನ ಎಷ್ಟು? ಐರನ್‌ಮನ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದವರಿಗೆ 1,25,000 ಡಾಲರ್, ನಮ್ಮ ಲೆಕ್ಕದಲ್ಲಿ ಒಂದು ಕೋಟಿಗೂ ಮೇಲೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಅದು ಇಡೀ ಜಗತ್ತಿಗೆ ವರ್ಷಕ್ಕೆ ಒಬ್ಬ ಗಂಡಸಿಗೆ, ಒಬ್ಬ ಹೆಂಗಸಿಗೆ. ಹತ್ತಾರು ಸ್ಥಾನದಲ್ಲೇ ಹಣದ ಪಟ್ಟಿ ಮುಗಿದುಹೋಗುತ್ತೆ. ಅದರಿಂದಾಚೆ ಬಂದವರು ವಿಮಾನದ ಟಿಕೆಟ್ಟು, ಎಂಟ್ರಿ ಫೀಸು, ಫಿಸಿಯೋ ಎಲ್ಲಾ ಕೈಯಿಂದ ಹಾಕಬೇಕು. ಹೊರದೇಶದ ಪ್ರೊಗಳೂ ಬರೀ ಬಹುಮಾನದಲ್ಲಿ ಬದುಕೋದು ಕಡಿಮೆ. ಸ್ಪಾನ್ಸರ್, ಕೋಚಿಂಗ್, ಯೂಟ್ಯೂಬ್ ಎಲ್ಲಾ ಸೇರಿ ಸಂಬಳ ಆಗುತ್ತೆ. ವಾರಕ್ಕೆ 25ರಿಂದ 30 ಗಂಟೆ ತಾಲೀಮು, ಮಿಕ್ಕ ಹೊತ್ತು ಊಟ ಮತ್ತು ನಿದ್ದೆ. ನಿದ್ದೆಯೂ ಕೆಲಸದ ಭಾಗ ಅಂತ ಓದಿದಾಗ ನಮ್ಮಲ್ಲಿ ಕೆಲವರಿಗೆ ಮೊದಲ ಸಲ ಈ ವೃತ್ತಿಯ ಮೇಲೆ ಆಸೆ ಹುಟ್ಟಿತು ಅನ್ನೋದನ್ನ ಮುಚ್ಚಿಡೋದಿಲ್ಲ.

ನಮ್ಮ ದೇಶದಲ್ಲಿ ಇದನ್ನ ಮಾಡ್ತಿರೋರು ಯಾರು ಅಂತ ಹುಡುಕಿದ್ವಿ. 2019ರಲ್ಲಿ ಗೋವಾದ ಮೊದಲ 70.3 ಗೆದ್ದ ಮಣಿಪುರದ ಬಿಶ್ವರ್ಜಿತ್ ಸಿಂಗ್ ಸೈಖೋಮ್ ಸೇನೆಯವರು. ನಮ್ಮ ರಾಜ್ಯದವರಾದ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ತಿ ಐರನ್‌ಮನ್ ಅನ್ನ 13 ಗಂಟೆ 26 ನಿಮಿಷದಲ್ಲಿ ಮುಗಿಸಿದರು. ಆಗ ಅವರು ನೈಋತ್ಯ ರೈಲ್ವೆಯ ಹಣಕಾಸು ವಿಭಾಗದ ಅಧಿಕಾರಿಯಾಗಿದ್ದರು. ನಮಗೆ ಎಲ್ಲಕ್ಕಿಂತ ಹತ್ತಿರ ಅನ್ಸಿದ್ದು ಅನು ವೈದ್ಯನಾಥನ್. ಬೆಂಗಳೂರಿನ ಇಂಜಿನಿಯರ್. 2009ರಲ್ಲಿ ಕೆನಡಾದಲ್ಲಿ ಅಲ್ಟ್ರಾಮನ್ ಮುಗಿಸಿದರು, ಅಂದ್ರೆ ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅದೇ ವರ್ಷಗಳಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದರು, ಪೇಟೆಂಟ್ ಸಲಹೆಯ ಸ್ವಂತ ಕಂಪನಿಯನ್ನೂ ನಡೆಸ್ತಿದ್ದರು. ಆ ಕಥೆಯನ್ನ ಅವರೇ 'ಎನಿವೇರ್ ಬಟ್ ಹೋಮ್' ಅನ್ನೋ ಪುಸ್ತಕದಲ್ಲಿ ಬರೆದಿದ್ದಾರೆ. ಯಾರಾದ್ರೂ ತಗೊಂಡ್ರೆ ಓದಿ ನಮಗೂ ಕೊಡಿ.

ನೋಡಿ, ಸೇನೆ, ರೈಲ್ವೆ, ಸ್ವಂತ ಕಂಪನಿ. ನಾವು ನೋಡಿದ ಮೂವರಿಗೂ ಅನ್ನ ಕೊಡ್ತಿದ್ದದ್ದು ಬೇರೆ ಕಡೆ. ಅದರಿಂದ ನಮ್ಮ ಮೊದಲ ಅಭಿಪ್ರಾಯ: ಗೆಳೆಯ ಡಿಗ್ರಿ ಬಿಡಬಾರದು. ಡಿಗ್ರಿ ದೊಡ್ಡದು ಅಂತಲ್ಲ. ಈ ಆಟಕ್ಕೆ ಇಲ್ಲಿ ಇನ್ನೂ ಯಾರೂ ಸಂಬಳ ಕೊಡೋದಿಲ್ಲ, ಸ್ಪಾನ್ಸರ್ ನೀನೇ ಆಗ್ಬೇಕು, ಆ ಸ್ಪಾನ್ಸರ್‌ಗೆ ಒಂದು ಕೆಲಸ ಬೇಕು, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದ್ರೆ ನಾವೂ ಅಂಕಲ್‌ಗಳ ಸಾಲಿಗೆ ಸೇರ್ತೀವಿ. ಯಾಕಂದ್ರೆ "ಓದು ಮುಗಿಸಿ ಆಮೇಲೆ ಆಟ" ಅನ್ನೋದು ಈ ಆಟದಲ್ಲಿ ಸುಳ್ಳು. ದೇಹದ ತಾಳಿಕೆ ಕಟ್ಟೋಕೆ ವರ್ಷಗಳು ಬೇಕು. (ತಾಳಿಕೆ ಅನ್ನೋ ಪದ ನಮಗೆ ನಿಘಂಟಿನಲ್ಲಿ ಸಿಕ್ಕಿತು. ಗೆಳೆಯನ ಅಜ್ಜಿ ಅದಕ್ಕೆ ದಮ್ಮು ಅಂತಾರೆ. ಅಜ್ಜಿಯದೇ ಚೆನ್ನಾಗಿದೆ.) ಪ್ರೊಗಳೂ ಹೆಚ್ಚಿನ ಹೊತ್ತು ನಿಧಾನವಾಗೇ ಓಡ್ತಾರೆ, ಮಾತಾಡ್ತಾ ಓಡಬಹುದಾದಷ್ಟು ನಿಧಾನ, ಹೃದಯ, ರಕ್ತನಾಳ, ಸ್ನಾಯುಗಳು ಆ ನಿಧಾನದಲ್ಲೇ ಬದಲಾಗೋದು. ನಮ್ಮ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು, ಒಳಗಿನ ನೀರು ತಾನೇ ಬತ್ತಬೇಕು. ಅವಸರಕ್ಕೆ ಒಡೆದ್ರೆ ಅದು ಉಂಡೆ ಕೊಬ್ಬರಿ ಆಗೋದಿಲ್ಲ. ಹತ್ತೊಂಬತ್ತರಿಂದ ಇಪ್ಪತ್ಮೂರರವರೆಗಿನ ನಾಲ್ಕು ವರ್ಷ ಅಟ್ಟದ ಕಾಲ. ಅದನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಕಳೆದ್ರೆ ಆಮೇಲೆ ಸಂಬಳ ಬಂದರೂ ಸೈಕಲ್ಲು ಬರುತ್ತೆ, ದಮ್ಮು ಬರೋದಿಲ್ಲ.

ಇಲ್ಲಿಂದ ನಮ್ಮ ತಕರಾರು ಶುರು. ವಿಟಿಯು ನಿಯಮದ ಪ್ರಕಾರ 85 ಪರ್ಸೆಂಟ್ ಹಾಜರಾತಿ ಬೇಕು. ಕ್ರೀಡಾಕೂಟಕ್ಕೆ ಹೋದವರಿಗೆ ರಿಯಾಯಿತಿ ಇದೆ. ಆದ್ರೆ ಅದು ಕೂಟಕ್ಕೆ, ತಾಲೀಮಿಗಲ್ಲ. ಒಂದು ದಿನದ ಸ್ಪರ್ಧೆಗೆ ರಜೆ ಸಿಗುತ್ತೆ, ಆ ಒಂದು ದಿನಕ್ಕಾಗಿ ಬೇಕಾದ ಮುನ್ನೂರು ಬೆಳಗುಗಳಿಗೆ ಇಲ್ಲ. ನಮಗೆ ಹಾಜರಾತಿ ಕಡಿಮೆ ಮಾಡಿ ಅಂತ ಕೇಳೋ ಧೈರ್ಯ ಇಲ್ಲ, ಅದು ನ್ಯಾಯವೂ ಅಲ್ಲ. ಬೆಳಗಿನ ಮೊದಲ ಲ್ಯಾಬ್ ಬ್ಯಾಚಿನಿಂದ ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸಿಕೊಡಿ ಅಂತ ಕೇಳ್ತೀವಿ. ಮೆಸ್‌ನಲ್ಲಿ ಏಳೂವರೆಗೆ ಬದಲು ಆರೂಮುಕ್ಕಾಲಿಗೆ ಎರಡು ಮೊಟ್ಟೆ ಸಿಗಲಿ. ಇಷ್ಟಕ್ಕೆ ಯಾರ ಅನುದಾನವೂ ಬೇಡ.

ಈಜಿನ ವಿಷಯ ಮಾತ್ರ ಇಷ್ಟು ಸುಲಭ ಇಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿ ಈಜುಕೊಳ ಇಲ್ಲ. ಗೆಳೆಯ ಓಡ್ತಾನೆ, ತುಳೀತಾನೆ, ಆದ್ರೆ ಈಜು ಅವನಿಗೆ ಈಗ್ಲೂ ಅರ್ಧಂಬರ್ಧ. ಯಾಕೆ ಅಂತ ಕೇಳಿದಾಗ ಸಿಕ್ಕ ಉತ್ತರ ನಮ್ಮನ್ನ ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಅವನ ಅಪ್ಪನಿಗೆ ಈಜು ಬರುತ್ತೆ. ತೋಟದ ತೆರೆದ ಬಾವಿಯಲ್ಲಿ, ಒಣಗಿದ ಎರಡು ತೆಂಗಿನಕಾಯಿ ಕಟ್ಟಿಕೊಂಡು ಕಲಿತದ್ದಂತೆ. ಬೆನ್ನಿಗೆ ಕಾಯಿ, ಸೊಂಟಕ್ಕೆ ಹಗ್ಗ, ದಡದಲ್ಲಿ ಸೋದರಮಾವ. ಆಮೇಲೆ ಬೋರ್‌ವೆಲ್ ಬಂತು, ಅಂತರ್ಜಲ ಕೆಳಗೆ ಹೋಯ್ತು, ಬಾವಿ ಒಣಗಿತು. ಈಗ ಆ ಬಾವಿಯಲ್ಲಿ ಗರಿ, ಮಟ್ಟೆ ತುಂಬಿದೆ. ಬಾವಿ ಹೋದಾಗ ನೀರು ಹೋಯ್ತು ಅಂತ ಎಲ್ಲರೂ ಹೇಳ್ತಾರೆ. ಒಂದು ತಲೆಮಾರಿನ ಈಜೂ ಹೋಯ್ತು ಅನ್ನೋದು ನಮಗೆ ಹೊಳೆದದ್ದು ಇವನಿಂದ. ನಮ್ಮ ಗುಂಪಿನ ಆರು ಜನರಲ್ಲಿ ಈಜು ಬರೋದು ಒಬ್ಬನಿಗೆ, ಅವನು ಬೆಂಗಳೂರಿನ ಅಪಾರ್ಟ್‌ಮೆಂಟಿನವನು. ತೆಂಗಿನ ಸೀಮೆಯವರಲ್ಲಿ ಒಬ್ಬನಿಗೂ ಬರೋದಿಲ್ಲ.

ಕೆರೆ ಇದೆಯಲ್ಲ ಅಂತೀರಿ. ಇದೆ. ತುರುವೇಕೆರೆ ಹತ್ತಿರ ಮಲ್ಲಾಘಟ್ಟ ಕೆರೆ ಇದೆ, ನೊಣವಿನಕೆರೆಯ ಕೆರೆ ಇದೆ, ಹೇಮಾವತಿ ನಾಲೆ ಹರೀತದೆ, ಚಿಕ್ಕನಾಯಕನಹಳ್ಳಿ ಕಡೆ ಬೋರನಕಣಿವೆ ಇದೆ. ಆದ್ರೆ ಕೆರೆಯಲ್ಲಿ ಹೂಳು, ಹುಲ್ಲು, ಎಲ್ಲಿ ಆಳ ಎಲ್ಲಿ ಗುಂಡಿ ಗೊತ್ತಾಗೋದಿಲ್ಲ. ನಾಲೆಯ ಸೆಳೆತ ಇನ್ನೂ ಮೋಸ. ಈಜೋಕೆ ಹೋದ ಹುಡುಗರು ವಾಪಸ್ ಬರಲಿಲ್ಲ ಅನ್ನೋ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲೂ ಓದ್ತೀವಿ. ಅದಕ್ಕೇ ದಯವಿಟ್ಟು ಈ ಲೇಖನ ಓದಿ ಯಾರೂ ಕೆರೆಗೆ ಹಾರಬೇಡಿ. ಗೆಳೆಯನೂ ಒಂದು ಸಲ ಒಬ್ಬನೇ ಹೋಗಿದ್ದ ಅಂತ ಆಮೇಲೆ ಗೊತ್ತಾಗಿ ನಾವು ಅವನಿಗೆ ಬೈದ ರೀತಿ ಇಲ್ಲಿ ಅಚ್ಚು ಹಾಕೋ ಹಾಗಿಲ್ಲ.

ಇನ್ನೊಂದು ಮಾತು ಮಧ್ಯೆ ಬಂತು. ದೇಹದ ದಮ್ಮನ್ನೇ ನಂಬಿ ಬದುಕೋರು ನಮ್ಮ ಸೀಮೆಯಲ್ಲಿ ಮೊದಲೇ ಇದ್ದಾರಲ್ಲ, ತೆಂಗಿನ ಮರ ಹತ್ತೋರು. ಅವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಆರು ದಿನದ ತರಬೇತಿ ಕೊಡುತ್ತೆ, ಹತ್ತೋ ಯಂತ್ರ ಕೊಡುತ್ತೆ, 'ಕೇರ ಸುರಕ್ಷಾ' ಅನ್ನೋ ಅಪಘಾತ ವಿಮೆಯೂ ಇದೆ. ಅಂದ್ರೆ ಮೈ ಮುರಿದು ದುಡಿಯೋ ಕೆಲಸವನ್ನ ಕೌಶಲ ಅಂತ ಒಪ್ಪಿ ತರಬೇತಿ, ಸಲಕರಣೆ, ವಿಮೆ ಮೂರನ್ನೂ ಕೊಡೋದು ಸರ್ಕಾರಕ್ಕೆ ಗೊತ್ತಿದೆ. ನಮ್ಮ ಗೆಳೆಯನಿಗೂ ಬೇಕಿರೋದು ಅದೇ ಮೂರು. ಬಿ.ಎಚ್. ರಸ್ತೆಯಲ್ಲಿ ಬೆಳಗಿನ ಕತ್ತಲಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿಯೋನಿಗೆ ವಿಮೆ ಬೇಡ ಅಂತ ಯಾರು ಹೇಳ್ತಾರೆ? ಕಳೆದ ತಿಂಗಳು ಅವನ ಮೊಣಕೈ ಹರಿದು ಬಂದಿದ್ದ. ಹೊಲಿಗೆಯ ದುಡ್ಡು ನಾವು ಆರು ಜನ ಹಾಕಿದ್ವಿ. ಅಪ್ಪನಿಗೆ ಹೇಳಬೇಡಿ ಅಂದ.

ಈಗ ಅವನು ಬಿಡ್ತೀನಿ ಅನ್ನೋದನ್ನ ನಿಲ್ಲಿಸಿದ್ದಾನೆ. ನಾವು ಒಪ್ಪಿಸಿದ್ದಲ್ಲ, ಸೈಕಲ್ಲಿನ ಕ್ವಿಂಟಾಲ್ ಲೆಕ್ಕ ನೋಡಿ ಅವನೇ ಸುಮ್ಮನಾದ. ಸುಮ್ಮನಾದದ್ದು ನಮಗೆ ಪೂರ್ತಿ ಖುಷಿ ಕೊಟ್ಟಿಲ್ಲ. ಹತ್ತೊಂಬತ್ತು ವರ್ಷದವನೊಬ್ಬ ಇಷ್ಟು ಬೇಗ ಲೆಕ್ಕ ಒಪ್ಪಿಕೊಳ್ಳಬಾರದಿತ್ತು ಅಂತ ನಮ್ಮಲ್ಲಿ ಮೂವರ ವಾದ. ಉಳಿದ ಮೂವರು, ಲೆಕ್ಕ ಒಪ್ಪದವನ ಮನೆಯಲ್ಲಿ ಏನಾಗುತ್ತೆ ಅಂತ ನೋಡಿದವರು, ಹಾಗನ್ನೋದಿಲ್ಲ. ಈ ವಾದ ಇನ್ನೂ ನಡೀತಿದೆ.

ಸದ್ಯಕ್ಕೆ ದೈಹಿಕ ಶಿಕ್ಷಣ ವಿಭಾಗಕ್ಕೆ ಒಂದು ಪುಟದ ಮನವಿ ಕೊಟ್ಟಿದ್ದೀವಿ: ಲ್ಯಾಬ್ ಬ್ಯಾಚ್ ಬದಲಾವಣೆ, ಬೆಳಗಿನ ಮೊಟ್ಟೆ, ಸೈಕಲ್ ಸವಾರರಿಗೆ ಗುಂಪು ವಿಮೆ, ರಜೆಯಲ್ಲಿ ತರಬೇತುದಾರರು ಇರೋ ಕೊಳಕ್ಕೆ ಎರಡು ವಾರದ ಈಜು ಶಿಬಿರ. ಸಹಿ ಹಾಕೋರು ಹಾಸ್ಟೆಲ್‌ನ ನೋಟಿಸ್ ಬೋರ್ಡ್ ಪಕ್ಕದ ಹಾಳೆಯಲ್ಲಿ ಹಾಕಿ. ಇವತ್ತಿಗೆ 41 ಸಹಿ ಆಗಿದೆ. ಅದರಲ್ಲಿ ಈಜು ಶಿಬಿರದ ಎದುರಿಗೆ ಮಾತ್ರ ಟಿಕ್ ಹಾಕಿದವರೇ 30 ಜನ.